ಬೆಳಿಗ್ಗೆ ಏಳದ ಗಾಡಿ, ಬೆಳಿಗ್ಗೆ ಏಳದ ಕಾಕ

ನಮ್ಮ ಕಾಕ ಕೆಲಸ ಬಿಟ್ಟಿದ್ದಾರೆ. ಸುಮ್ಮನೆ ಬಿಟ್ಟು ಮನೆಯಲ್ಲಿ ಕೂತರು ಅಂದುಕೊಳ್ಳಬೇಡಿ. ಬಂಟ್ವಾಳದಿಂದ ಬೆಳ್ತಂಗಡಿ, ಅತ್ತ ಮೂಡುಬಿದಿರೆವರೆಗೆ ಫೋರ್ಕ್‌ಲಿಫ್ಟ್ ಇರುವ ಒಂದೊಂದು ಮಿಲ್ಲಿಗೂ ಒಂದೊಂದು ಗೋಡೌನಿಗೂ ಸ್ಕೂಟರಿನಲ್ಲಿ ಹೋಗಿ, ಮದುವೆ ಕಾಗದ ಹಂಚುವವರ ಹಾಗೆ ಕೂತು ಚಾ ಕುಡಿದು, "ಇನ್ನು ನನ್ನನ್ನು ಕರೆಯಬೇಡಿ ಆಯ್ತಾ. ಕರೆದರೆ ನಾನು ಬಂದೇ ಬರ್ತೇನೆ, ಮತ್ತೆ ಮನೆಯಲ್ಲಿ ಅವಳು ನನ್ನನ್ನು ಬಿಡುವುದಿಲ್ಲ" ಎಂದು ಹೇಳಿ ಬಂದಿದ್ದಾರೆ. ನಮ್ಮಲ್ಲಿಗೆ ಬಂದವರು ಎರಡು ಸಲ ಚಾ ಕುಡಿದರು. ಹೊರಟ ಮೇಲೆ ಗೇಟಿನಿಂದ ತಿರುಗಿ ಬಂದು ಗಾಡಿಯ ಚೈನಿಗೆ ಕೈಯಾರೆ ಗ್ರೀಸು ಹಚ್ಚಿ ಹೋದರು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ "ಹೆಸರು ಉಂಟು, ಫೋಟೋ ಎಲ್ಲಿ ರೈಟ್ರೇ?" ಎಂದು ಕೇಳುವ ಜನ. ನಾನು ಬೆಳ್ತಂಗಡಿ ಪೇಟೆಗೆ ತಾಗಿದ ಲಾಯಿಲದಲ್ಲಿ ಒಂದು ತೆಂಗಿನೆಣ್ಣೆ ಮಿಲ್ಲಿನ ಗೋಡೌನ್ ರೈಟರ್. ಅಂದರೆ ಒಳಗೆ ಬಂದ ಕೊಬ್ಬರಿ, ಹೊರಗೆ ಹೋದ ಎಣ್ಣೆ, ನಡುವೆ ಮಾಯವಾದ ಹಗ್ಗ, ಎಲ್ಲದಕ್ಕೂ ಬೈಗುಳ ತಿನ್ನುವವ. ಕಾಕ ನನಗೆ ನೆಂಟರಲ್ಲ, ನೆರೆಯವರಲ್ಲ. ಬಂಟ್ವಾಳದ ಬ್ಯಾರಿಯವರು, ಗಲ್ಫಿನ ಬಂದರುಗಳಲ್ಲಿ ಫೋರ್ಕ್‌ಲಿಫ್ಟ್ ರಿಪೇರಿ ಮಾಡಿ ಊರಿಗೆ ತಿರುಗಿ ಬಂದವರು. ನಮ್ಮ ಮಿಲ್ಲಿನಲ್ಲಿ ಎಲ್ಲರಿಗೂ ಅವರು ಕಾಕ. ನಮ್ಮ ಧನಿಗಳು ಅವರಿಗಿಂತ ಹಿರಿಯರು, ಅವರಿಗೂ ಇವರು ಕಾಕನೇ.

ನಮ್ಮ ಧನಿಗಳು ಒಂದು ಮಳೆಗಾಲದಲ್ಲಿ ಬ್ಯಾಟರಿಯಲ್ಲಿ ಓಡುವ ಫೋರ್ಕ್‌ಲಿಫ್ಟ್ ತಂದರು. ಎಣ್ಣೆಯ ಮಿಲ್ಲಿನಲ್ಲಿ ಹೊಗೆ ಬೇಡ ಎಂದು ಬ್ಯಾಟರಿಯದ್ದು. ಎದುರಿಗೆ ಎರಡು ಕಬ್ಬಿಣದ ಫೋರ್ಕು. ಅದನ್ನು ಪ್ಯಾಲೆಟ್ಟು ಎನ್ನುವ ಮರದ ಹಲಗೆಯ ಅಡಿಗೆ ತೂರಿಸಿ ಸಣ್ಣ ಹಿಡಿಕೆ ಎಳೆದರೆ, ಒಳಗಿನ ಪಂಪು ಎಣ್ಣೆಯನ್ನು ಸಿಲಿಂಡರಿಗೆ ದೂಡುತ್ತದೆ, ಎಣ್ಣೆಯ ಬಲದಲ್ಲಿ ಸಾಲು ಸಾಲು ಟಿನ್ನು ಮಾಡಿನ ಹಂಚಿನವರೆಗೆ ಏರುತ್ತದೆ. ಇಷ್ಟನ್ನು ನನಗೆ ಹೇಳಿಕೊಟ್ಟದ್ದು ಕಾಕ. ಅದಕ್ಕೆ ಮೊದಲು ಅದು ಬ್ಯಾಟರಿಯ ಬಲದಿಂದ ಏರುವುದು ಎಂದು ನಾನು ತಿಳಿದಿದ್ದೆ. "ಬ್ಯಾಟರಿ ಊಟ ರೈಟ್ರೇ, ಎಣ್ಣೆ ರಕ್ತ" ಎಂದಿದ್ದರು.

ನೋಡಲು ಹೇಗಿದ್ದರು? ದೊಡ್ಡ ಹೊಟ್ಟೆ, ಖಾಕಿ ಪ್ಯಾಂಟು, ದಾರ ಕಟ್ಟಿದ ಕನ್ನಡಕ, ಬಿಳಿ ಟೊಪ್ಪಿ. ಟೊಪ್ಪಿಯ ಅಡಿಯಲ್ಲಿ ಒಂದು ಕೂದಲು ಇಲ್ಲ, ಮೊಟ್ಟೆಯ ಹಾಗೆ ನುಣ್ಣಗೆ. ಗಾಡಿಯ ಹತ್ತಿರ ಹೋದವರು ಮೊದಲು ಮಾಡುವ ಕೆಲಸ, ಬೀಗದ ಕೈ ಎಳೆದು ಟೊಪ್ಪಿಯೊಳಗೆ ಹಾಕಿಕೊಳ್ಳುವುದು. ಅವರು ಅಡಿಗೆ ಕೈ ಹಾಕಿರುವಾಗ ಬೇರೆ ಯಾರೂ ಬಂದು ಗಾಡಿ ಚಾಲು ಮಾಡಬಾರದಲ್ಲ, ಅದಕ್ಕೆ. ಕಿಸೆಗೆ ಹಾಕಿದರೆ ಆಗುವುದಿಲ್ಲವಾ ಎಂದು ಕೇಳಿದ್ದಕ್ಕೆ, "ಕಿಸೆಗೆ ಬೇರೆಯವರ ಕೈ ಹೋದೀತು. ತಲೆಗೆ ನನ್ನ ಹೆಂಡತಿಯ ಕೈ ಮಾತ್ರ ಹೋಗುವುದು" ಎಂದರು. ಕೆಲಸ ಮುಗಿದ ಮೇಲೆ ಟೊಪ್ಪಿ ತೆಗೆದು, ಬೀಗದ ಕೈ ಒರಸಿ, ಧನಿಗಳ ಅಂಗೈಯಲ್ಲೇ ಇಡುವುದು ಅವರ ಕ್ರಮ.

ಗಾಡಿ ಹಾಳಾಗಿದೆ ಎಂದರೆ ಅವರಿಗೆ ಸಿಟ್ಟು. "ಹಾಳಾಗುವುದು ಮನುಷ್ಯರು. ಗಾಡಿಗೆ ಸೌಖ್ಯ ಇಲ್ಲ ಅಂತ ಹೇಳಿ." ಬಂದ ಕೂಡಲೇ ಸ್ಪ್ಯಾನರ್ ಹಿಡಿಯುವವರೂ ಅಲ್ಲ. ಫೋರ್ಕನ್ನು ನೆಲಕ್ಕೆ ಪೂರ್ತಿ ಇಳಿಸಿ, ಬ್ಯಾಟರಿಯ ಪ್ಲಗ್ಗು ಕಳಚಿ, "ಈಗ ಅದೂ ಕೂರಲಿ, ನಾವೂ ಕೂರುವ, ಚಾ ಹೇಳಿ" ಎನ್ನುತ್ತಿದ್ದರು. ಶುರುವಿನಲ್ಲಿ ಧನಿಗಳಿಗೆ ಇದು ಮೈಗಳ್ಳತನವಾಗಿ ಕಂಡಿತು. ಆದರೆ ಫೋರ್ಕು ಮೇಲಿದ್ದರೆ ಎಣ್ಣೆಯೂ ಮೇಲೆ ಸಿಲಿಂಡರಿನಲ್ಲಿ ಇರುತ್ತದೆ, ಟ್ಯಾಂಕಿನಲ್ಲಿ ಅಳೆದರೆ ಕಡಿಮೆ ತೋರಿಸುತ್ತದೆ. ಇಳಿಸಿ, ಎಣ್ಣೆ ತಿರುಗಿ ಬಂದು ನೊರೆ ಅಡಗಿದ ಮೇಲೆ ನೋಡಬೇಕು. ಚಾಕ್ಕೂ ಅಷ್ಟೇ ಹೊತ್ತು ಬೇಕು. ಗೋಳಿಬಜೆ ಇದ್ದ ದಿನ ಮಾತ್ರ ನೊರೆ ಅಡಗಲು ಸ್ವಲ್ಪ ತಡವಾಗುತ್ತಿತ್ತು.

ಫೋನಿನಲ್ಲೂ ಔಷಧಿ ಕೊಡುತ್ತಿದ್ದರು. ಒಂದು ಮದುವೆಯ ಊಟದಲ್ಲಿ ನಾನು ಅವರ ಪಕ್ಕದಲ್ಲಿ ಕೂತಿದ್ದೆ. ಬೆಳುವಾಯಿಯ ಗೇರುಬೀಜದ ಫ್ಯಾಕ್ಟರಿಯಿಂದ ಫೋನು ಬಂತು, ಗಾಡಿ ಅರ್ಧ ಏರಿ ನಿಲ್ಲುತ್ತದೆ ಎಂದು. ಕಾಕ ಎಡಗೈಯಲ್ಲಿ ಫೋನನ್ನು ಕಿವಿಗೆ ಒತ್ತಿ, "ಫೋನನ್ನು ಪಂಪಿನ ಹತ್ತಿರ ಹಿಡಿ... ಈಗ ಎತ್ತು... ಹಾಂ, ಸಾಕು" ಎಂದರು. ಆಮೇಲೆ ಬಿರಿಯಾನಿಯ ತುಂಡನ್ನು ಬಾಯಿಗೆ ಹಾಕಿಕೊಂಡು, "ಎಣ್ಣೆ ಕಡಿಮೆ. ಪೈಪು ಎಲ್ಲಿಯೋ ಬೆವರುತ್ತದೆ, ಬಟ್ಟೆಯಲ್ಲಿ ಒರಸಿ ನೋಡು, ಬರಿಗೈ ಹಾಕಬೇಡ. ಎತ್ತಿದ ಫೋರ್ಕಿನ ಅಡಿಯಲ್ಲಿ ತಲೆ ಇಟ್ಟೀಯ ಜಾಗ್ರತೆ!" ಎಂದು ಕಿರುಚಿದರು. ಪಂಕ್ತಿಯವರೆಲ್ಲ ಊಟ ನಿಲ್ಲಿಸಿ ತಲೆ ಎತ್ತಿ ಮೇಲೆ ನೋಡಿದರು.

ಇಂಥವರಿಗೆ ಜಂಬ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಯ್ಯೋ, ಎಂಥ ಜಂಬ ಮಾರಾಯ್ರೆ! ಗಲ್ಫಿನಲ್ಲಿ ಅವರು ಎತ್ತಿಸಿದ ಕಂಟೇನರ್ ಒಂದೊಂದು ಸಲ ಹೇಳುವಾಗಲೂ ಭಾರ ಜಾಸ್ತಿಯಾಗುತ್ತಿತ್ತು. ಕೊನೆಕೊನೆಗೆ ಅದರೊಳಗೆ ಅರಬನ ಒಂಟೆಯೂ ಸೇರಿಕೊಂಡಿತು. ತಪ್ಪು ಎನ್ನುವ ಮಾತು ಅವರ ಬಾಯಿಯಲ್ಲಿ ಬಂದದ್ದೇ ಇಲ್ಲ. ಮೂಡುಬಿದಿರೆಯ ಒಂದು ಹಂಚಿನ ಗೋಡೌನಿನಲ್ಲಿ ಗಾಡಿ ಓಡುತ್ತದೆ, ಎತ್ತುವುದಿಲ್ಲ ಎಂದು ಕರೆದಿದ್ದರಂತೆ. ಕಾಕ ಪಂಪು ಬಿಚ್ಚಿ ಹರಡಿದರು. ಸಂಜೆ ಹೊತ್ತಿಗೆ ಗೊತ್ತಾದದ್ದು, ಚಾರ್ಜ್ ತೀರಾ ಇಳಿದರೆ ಗಾಡಿ ತಾನಾಗಿ ಎತ್ತುವುದನ್ನು ನಿಲ್ಲಿಸಿ ಓಡಲಿಕ್ಕೆ ಮಾತ್ರ ಬಿಡುತ್ತದೆ ಎಂದು. ಅಂದರೆ ಅದಕ್ಕೆ ಹಸಿವೆಯಾಗಿತ್ತು, ಅಷ್ಟೇ. ನಾನು ಈ ಕತೆ ಎತ್ತಿದರೆ, "ಪಂಪು ಕ್ಲೀನ್ ಆಯಿತಲ್ಲ? ಮುಂದೆ ಹೇಗೂ ಬಿಚ್ಚಬೇಕಿತ್ತು" ಎಂದು ಮುಖ ತಿರುಗಿಸಿಬಿಡುತ್ತಿದ್ದರು.

ಜಂಬ ಇದ್ದದ್ದು ಮೂಗಿನ ಮೇಲೆ ಕೂಡ. ಎಣ್ಣೆಗೆ ಬೆರಳು ಅದ್ದಿ ಮೂಸಿ, ಸುಟ್ಟಿದೆ, ನೀರು ಸೇರಿದೆ, ಹಳತಾಗಿದೆ ಎಂದು ಹೇಳುತ್ತಿದ್ದರು. ಇನ್ನೊಂದು ಜಂಬ, ಬೆಳಿಗ್ಗೆ ಬೇಗ ಬರುವುದಿಲ್ಲ ಎನ್ನುವುದು. ನಸುಕಿನ ನಮಾಝು ಮುಗಿಸಿ ಮತ್ತೆ ಮಲಗಿದರೆ ಹೊತ್ತೇರಿದ ಮೇಲೆಯೇ ಅವರ ಸ್ಕೂಟರ್ ಸ್ಟಾರ್ಟ್ ಆಗುವುದು. "ದೇವರಿಗೆ ಬೆಳಿಗ್ಗೆ ಏಳ್ತೇನೆ. ಮನುಷ್ಯರಿಗೆ ಹತ್ತು ಗಂಟೆಯ ಮೇಲೆ" ಎನ್ನುವುದು ಅವರ ಮಾತು. ಈ ಎರಡು ಜಂಬ ಸೇರಿ ನಮ್ಮ ಯಶೋದಕ್ಕನ ಸೀಟಿಗೇ ಸಂಚಕಾರ ತಂದದ್ದನ್ನು ಹೇಳಬೇಕು.

ಯಶೋದಕ್ಕ ನಮ್ಮ ಮಿಲ್ಲಿನ ಅಂಗಳದಲ್ಲಿ ಕೊಬ್ಬರಿ ಹರಡಿ ಒಣಗಿಸುತ್ತಿದ್ದವರು. ಬಿಸಿಲಲ್ಲಿ ಬಗ್ಗಿ ಬಗ್ಗಿ ಸೊಂಟ ಸೋತಿತ್ತು. ಗಾಡಿ ಬಂದಾಗ ಯಾರು ಕಲಿಯುತ್ತೀರಿ ಎಂದು ಕಾಕ ಕೇಳಿದರು. ಗಂಡಸರು ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಈಯಮ್ಮ ಸೆರಗು ಸಿಕ್ಕಿಸಿಕೊಂಡು ಹತ್ತಿ ಕೂತೇಬಿಟ್ಟರು. ಕಾಕನ ಪರೀಕ್ಷೆ ಒಂದೇ. ಪ್ಯಾಲೆಟ್ಟಿನ ಮೇಲೆ ಅಂಚಿನವರೆಗೆ ಚಾ ತುಂಬಿದ ಗ್ಲಾಸು. ಅದನ್ನು ಚೆಲ್ಲದೆ ಮಾಡಿನವರೆಗೆ ಎತ್ತಿ ಚೆಲ್ಲದೆ ಇಳಿಸಿದವರಿಗೆ ಆ ಚಾ. ಧನಿಗಳು ಎತ್ತಿದಾಗ ಅರ್ಧ ಚೆಲ್ಲಿತು. ಸತೀಶ ಎನ್ನುವ ನಮ್ಮ ಲೋಡಿಂಗಿನ ಹುಡುಗನದ್ದು ಸ್ವಲ್ಪ ಚೆಲ್ಲಿತು. ನನ್ನದು ಗ್ಲಾಸೇ ಬಿತ್ತು. ಯಶೋದಕ್ಕ ಕೆಲವು ದಿನ ಕಲಿತು, ಒಂದು ದಿನ ಒಂದು ಹನಿ ಚೆಲ್ಲದೆ ಇಳಿಸಿ, ಸೀಟಿನಲ್ಲೇ ಕೂತು ಕಾಲು ಅಲ್ಲಾಡಿಸುತ್ತ ಕುಡಿದರು. "ಈ ಮಿಲ್ಲಿಗೆ ಬಂದ ಮೇಲೆ ಕೂತು ಕೆಲಸ ಮಾಡುವುದು ಇದೇ ಮೊದಲು ರೈಟ್ರೇ" ಎಂದರು. ಕಾಕ ಬೆಳುವಾಯಿಯಿಂದ ಕೊಕ್ಕಡದವರೆಗೆ ಇದನ್ನು ತನ್ನ ಮಗಳಿಗೆ ರ‍್ಯಾಂಕ್ ಬಂದ ಹಾಗೆ ಹೇಳಿಕೊಂಡು ತಿರುಗಿದರು.

ಬೆಳಗ್ಗಿನ ಪಾಳಿ ಯಶೋದಕ್ಕನದ್ದು, ಮಧ್ಯಾಹ್ನದ್ದು ಸತೀಶನದ್ದು ಎಂದಾಯಿತು. ಆಯುಧಪೂಜೆಯ ಮುನ್ನಾದಿನ ಕಾಕ ಬಂದು, "ಹಬ್ಬಕ್ಕೆ ಸ್ನಾನ ಆಗಬೇಕಲ್ಲ" ಎಂದು ಗಾಡಿ ತೊಳೆದು, ಟ್ಯಾಂಕಿನ ಎಣ್ಣೆ ಇಳಿಸಿ ಹೋದರು. ಹೊಸ ಎಣ್ಣೆಯ ಕ್ಯಾನು ಸಣ್ಣದಿತ್ತು, ಅರ್ಧವೂ ತುಂಬಲಿಲ್ಲ. ಉಳಿದದ್ದನ್ನು ಹಬ್ಬ ಕಳೆದು ತರುವುದು ಎಂದಾಗಿತ್ತು. ತಂದರು ಕೂಡ. ಆದರೆ ಅಳತೆಯ ಕಡ್ಡಿ ಎಳೆದು ನೋಡಿದರೆ ಎಣ್ಣೆ ಕಂಠಪೂರ್ತಿ ಉಂಟು! "ಸತೀಶ ಹುಷಾರಿದ್ದಾನೆ, ನಾನು ಬರುವ ಮೊದಲೇ ತರಿಸಿ ತುಂಬಿಸಿದ್ದಾನೆ" ಎಂದು ಖುಷಿಯಾಗಿ, ಬೆರಳು ಅದ್ದಿ ಮೂಸಿದ ಶಾಸ್ತ್ರವನ್ನೂ ಮಾಡಿ, ತಂದ ಕ್ಯಾನನ್ನು ಹಾಗೆಯೇ ಸ್ಕೂಟರಿನಲ್ಲಿ ಬೆಳುವಾಯಿಗೆ ಕೊಂಡುಹೋದರು. ಸತೀಶ ಆ ಹೊತ್ತಿಗೆ ಅಲ್ಲಿರಲಿಲ್ಲ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಧನು ತಿಂಗಳು ಬಂತು. ಘಟ್ಟದ ಬುಡದ ನಮ್ಮೂರಿನಲ್ಲಿ ಆ ತಿಂಗಳ ಬೆಳಿಗ್ಗೆ ಹಲ್ಲು ಕಟಕಟ ಎನ್ನುವ ಚಳಿ. ಒಂದು ದಿನ ಯಶೋದಕ್ಕ ಗಾಡಿ ಹತ್ತಿ ಹಿಡಿಕೆ ಎಳೆದರೆ, ಮೋಟರು ತಿರುಗುತ್ತದೆ, ಫೋರ್ಕು ಏಳುವುದಿಲ್ಲ. ಹಿಂದೆ ಮುಂದೆ ಓಡುತ್ತದೆ, ಎತ್ತುವುದು ಮಾತ್ರ ಇಲ್ಲ. ಮಂಗಳೂರಿಗೆ ಹೋಗುವ ಲಾರಿ ಕಾದು ನಿಂತಿತು. ಟಿನ್ನುಗಳನ್ನು ಕೈಯಲ್ಲಿ ಹೊತ್ತು ತುಂಬಿಸಿದೆವು. ಬಿಸಿಲೇರಿದ ಮೇಲೆ ನೋಡಿದರೆ ಗಾಡಿ ಏನೂ ಆಗದ ಹಾಗೆ ಎತ್ತುತ್ತದೆ! ಮಧ್ಯಾಹ್ನ ಸತೀಶ ಬಂದು, "ಎಂತ ಆಗಿದೆ ಇದಕ್ಕೆ? ಸರಿ ಉಂಟಲ್ಲ" ಎಂದ. ಮರುದಿನ ಬೆಳಿಗ್ಗೆ ಮತ್ತೆ ಅದೇ ರಾಮಾಯಣ.

ಕಾಕ ಬಂದರು. ಯಾವಾಗ? ಹತ್ತು ಗಂಟೆಯ ಮೇಲೆ. ಬ್ಯಾಟರಿ ನೋಡಿದರು, ಸರಿ. ಚೈನು ಸರಿ, ಪೈಪು ಒಣಗಿದೆ, ಸಿಲಿಂಡರಿನಲ್ಲಿ ಒಂದು ಹನಿ ಸೋರಿಕೆ ಇಲ್ಲ. ಎಣ್ಣೆ ತುಂಬಿದೆ. ಸರಾಗ ಎತ್ತುತ್ತದೆ. "ಗಾಡಿ ಸೌಖ್ಯ" ಎಂದು ಧನಿಗಳ ಕೈಗೆ ಬೀಗದ ಕೈ ಇಟ್ಟು ಹೋದರು. ಬೆಳಿಗ್ಗೆಯೇ ಬನ್ನಿ ಎಂದು ಮತ್ತೆ ಕರೆದೆವು, ಮತ್ತೆ ಅದೇ ಹೊತ್ತಿಗೆ ಬಂದರು, ಮತ್ತೆ ಗಾಡಿ ಸೌಖ್ಯ.

ಗಾಡಿ ಸೌಖ್ಯವಾದರೆ ತಪ್ಪು ಯಾರದ್ದು? ಧನಿಗಳು ಕೆಟ್ಟವರಲ್ಲ, ಆದರೆ ಲಾರಿ ತಡವಾದರೆ ಅವರಿಗೆ ಕಣ್ಣು ಕಾಣುವುದಿಲ್ಲ. ಸತೀಶನ ಕೈಯಲ್ಲಿ ಎತ್ತುವ ಗಾಡಿ ಯಶೋದಳ ಕೈಯಲ್ಲಿ ಎತ್ತುವುದಿಲ್ಲ ಎಂದಾದರೆ ಅವಳ ಕೈಯಲ್ಲೇ ಏನೋ ಉಂಟು, ಹಿಡಿಕೆಯನ್ನು ಹೇಗೆ ಹೇಗೋ ಎಳೆಯುತ್ತಾಳೆ ಎಂದು ತೀರ್ಮಾನ ಮಾಡಿದರು. "ಸಂಕ್ರಾಂತಿವರೆಗೆ ನೋಡ್ತೇನೆ. ಆಮೇಲೆ ನೀನು ಅಂಗಳಕ್ಕೆ ಹೋಗು ಯಶೋದಾ, ಬೆಳಿಗ್ಗೆಗೆ ಬೇರೆ ಜನ ಮಾಡ್ತೇನೆ" ಎಂದರು. ಯಶೋದಕ್ಕ ಗಾಡಿಯ ಸೀಟನ್ನು ಒರಸುತ್ತಿದ್ದರು. ಒರಸಿದ್ದನ್ನೇ ಒರಸುತ್ತಿದ್ದರು.

ಮುಂದಿನ ಸಲ ಕಾಕ ಬಂದು, ಎಲ್ಲ ನೋಡಿ, ಕೂತು, ಚಾದ ಗ್ಲಾಸು ಬಾಯಿಗೆ ಹಿಡಿದಿದ್ದರು. ಯಶೋದಕ್ಕ ಸೀದಾ ಎದುರಿಗೆ ಬಂದು ನಿಂತರು.

"ಕಾಕ, ಒಂದು ಮಾತು ಕೇಳ್ತೇನೆ. ಬೇಸರ ಮಾಡಬಾರದು."

"ಕೇಳು ಮಾರಾಯ್ತಿ."

"ಬೆಳಿಗ್ಗೆ ಬಂದು ಬಿಸಿಲಿಗೆ ಬಿಡುವ ಜ್ವರ ಇದು. ನೀವು ಬರುವುದು ಬಿಸಿಲೇರಿದ ಮೇಲೆ. ನಿಮಗೆ ಹೇಗೆ ಸಿಕ್ಕುತ್ತದೆ? ನೀವು ಸೌಖ್ಯ ಸೌಖ್ಯ ಅಂತ ಹೇಳಿ ಹೋಗ್ತೀರಿ, ಇಲ್ಲಿ ನನ್ನ ಸೀಟು ಹೋಗ್ತದೆ."

ಕಾಕ ಗ್ಲಾಸು ಕೆಳಗಿಟ್ಟರು. ಅರ್ಧ ಚಾ ಹಾಗೆಯೇ ಇತ್ತು. "ಸೀಟು ಹೋಗ್ತದಾ? ನನಗೆ ಯಾರೂ ಹೇಳಲಿಲ್ಲವಲ್ಲ!" ಎಂದು ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಯಶೋದಕ್ಕನಿಗೆ, "ಚಾ ಚೆಲ್ಲದವಳು ನೀನು. ನಿನ್ನ ಕೈಯಲ್ಲಿ ಎಂತದ್ದೂ ಇಲ್ಲ. ನಾಳೆ ಬರ್ತೇನೆ. ಬೆಳಿಗ್ಗೆ" ಎಂದರು.

ಮರುದಿನ ನಾನು ಮಿಲ್ಲಿನ ಗೇಟು ತೆಗೆಯುವ ಹೊತ್ತಿಗೆ ಮಂಜಿನಲ್ಲಿ ಒಂದು ಸ್ಕೂಟರ್ ನಿಂತಿತ್ತು. ಅದರ ಮೇಲೆ ಸ್ವೆಟರು, ಅದರ ಮೇಲೊಂದು ಕೋಟು, ಟೊಪ್ಪಿಯ ಮೇಲೆ ಹೆಂಡತಿಯ ಶಾಲು ಸುತ್ತಿಕೊಂಡು ಕಾಕ. ಬಂಟ್ವಾಳದಿಂದ ಪುಂಜಾಲಕಟ್ಟೆ, ಗುರುವಾಯನಕೆರೆ ದಾಟಿ ಆ ಚಳಿಯಲ್ಲಿ ಬಂದಿದ್ದರು. ಮೂಗಿನ ತುದಿ ಕೆಂಪಾಗಿತ್ತು. "ರೈಟ್ರೇ, ಈ ಹೊತ್ತಿಗೆ ಮನುಷ್ಯರು ಏಳ್ತಾರಾ? ಇದು ಹಾಲಿನವರ ಹೊತ್ತು" ಎಂದು ಬೈಯುತ್ತಲೇ ಒಳಗೆ ಬಂದರು. ಚಾ ಕೇಳಲಿಲ್ಲ. ಅದನ್ನು ನೋಡಿ ನನಗೆ ಹೆದರಿಕೆಯಾಯಿತು.

ಯಶೋದಕ್ಕ ಹತ್ತಿ ಹಿಡಿಕೆ ಎಳೆದರು. ಫೋರ್ಕು ಅಲ್ಲಾಡಲಿಲ್ಲ. ಕಾಕ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೆ ತಾಗಿಸಿ ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದರು. ಪಂಪು ಕೀಂ ಎಂದು ಅಳುತ್ತಿದ್ದದ್ದು ದೂರದಲ್ಲಿದ್ದ ನಮಗೂ ಕೇಳುತ್ತಿತ್ತು. "ಬಂದ್ ಮಾಡು, ಬಂದ್ ಮಾಡು! ಅದಕ್ಕೆ ಎಳೆಯಲಿಕ್ಕೆ ಎಂತದ್ದೂ ಸಿಕ್ಕುವುದಿಲ್ಲ, ಬರೇ ಬಾಯಿ ತೆರೆದು ಕೂಗ್ತದೆ" ಎಂದರು. ಎಣ್ಣೆ ತುಂಬಿದ ಟ್ಯಾಂಕು, ಪಂಪಿಗೆ ಮಾತ್ರ ಎಣ್ಣೆ ಇಲ್ಲ. ನಡುವೆ ಏನೋ ಅಡ್ಡ ಕೂತಿದೆ ಎಂದಾಯಿತು.

ಬೀಗದ ಕೈ ಟೊಪ್ಪಿಯೊಳಗೆ ಹೋಯಿತು. ಬ್ಯಾಟರಿಯ ಪ್ಲಗ್ಗು ಕಳಚಿತು. ಅಷ್ಟು ಹೊತ್ತಿಗೆ ಧನಿಗಳೂ ಬಂದು ಕೈ ಕಟ್ಟಿ ನಿಂತರು. ಕಾಕ ಟ್ಯಾಂಕಿನ ಮುಚ್ಚಳ ಬಿಚ್ಚಿ, ಒಳಗೆ ಕೈ ಹಾಕಿ, ಪಂಪಿಗೆ ಎಣ್ಣೆ ಸೋಸಿ ಬಿಡುವ ಜಾಲರಿಯನ್ನು ಹೊರಗೆ ತೆಗೆದರು. ಜಾಲರಿಯ ಸುತ್ತ ಬಿಳಿಯ ಗಟ್ಟಿ ಪದಾರ್ಥ ಮೆತ್ತಿಕೊಂಡಿತ್ತು.

"ನೀರು ಸೇರಿದೆ" ಎಂದರು ಕಾಕ. ತಿರುಗಿಸಿ ನೋಡಿ, "ಗ್ರೀಸು" ಎಂದರು. ಮೂಸಿದರು. ಆ ಮಿಲ್ಲಿನ ಗೋಡೆ, ಕುರ್ಚಿ, ನಾನು, ನನ್ನ ಊಟದ ಡಬ್ಬಿ, ಎಲ್ಲಕ್ಕೂ ಇರುವುದು ಒಂದೇ ವಾಸನೆ, ಮೂಗು ಎಂತ ಮಾಡೀತು? ಎರಡು ಬೆರಳಿನ ನಡುವೆ ಹಿಸುಕಿದರು. ಕೈಯ ಬಿಸಿಗೆ ಅದು ಕರಗಿ ನೀರಾಗಿ ಮಣಿಗಂಟಿನವರೆಗೆ ಇಳಿಯಿತು. "ಯಾ ರಬ್ಬೇ, ಎಂತ ಇದು? ಗಲ್ಫಿನಲ್ಲಿ ನೋಡಿದ್ದೇ ಇಲ್ಲ!"

ಯಶೋದಕ್ಕ ಮುಂದೆ ಬಗ್ಗಿ ನೋಡಿದವರು ಒಮ್ಮೆಗೇ ನಕ್ಕುಬಿಟ್ಟರು. "ಅಯ್ಯೋ ಕಾಕ! ಇದು ನಮ್ಮದೇ ಎಣ್ಣೆಯಲ್ವಾ? ತೆಂಗಿನೆಣ್ಣೆ! ಬೆಳಿಗ್ಗೆ ನನ್ನ ಮನೆಯ ಕುಪ್ಪಿಯಲ್ಲೂ ಹೀಗೇ ಗಟ್ಟಿಯಾಗಿ ಕೂತಿದೆ. ಒಲೆಯ ಬದಿಯಲ್ಲಿಟ್ಟು ಬಂದದ್ದು ನಾನು."

ನಾವೆಲ್ಲ ಒಬ್ಬರನ್ನೊಬ್ಬರು ನೋಡಿಕೊಂಡೆವು. ಹೌದಲ್ಲ! ಧನು ತಿಂಗಳಲ್ಲಿ ತಲೆಗೆ ಎಣ್ಣೆ ಹಾಕಬೇಕಾದರೆ ಕುಪ್ಪಿಯನ್ನು ಬಿಸಿಲಿಗಿಡುವುದು ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ರಾತ್ರಿಯ ಚಳಿಗೆ ಗಟ್ಟಿಯಾಗಿ ಜಾಲರಿ ಕಟ್ಟುತ್ತದೆ, ಬಿಸಿಲಿಗೆ ಕರಗಿ ದಾರಿ ಬಿಡುತ್ತದೆ. ಸತೀಶನ ಕೈಗುಣವೂ ಇಲ್ಲ, ಯಶೋದಕ್ಕನ ಕೈದೋಷವೂ ಇಲ್ಲ. ಕಾಕನಿಗೆ ಹೊಳೆಯದ್ದಕ್ಕೂ ಕಾರಣ ಟೊಪ್ಪಿಯ ಅಡಿಯಲ್ಲೇ ಇತ್ತು. ಆ ತಲೆ ಎಣ್ಣೆಯ ಕುಪ್ಪಿ ಕಂಡು ಎಷ್ಟು ಕಾಲವಾಗಿತ್ತೋ.

"ಯಾರು ಹೊಯ್ದದ್ದು ಇದನ್ನು?" ಧನಿಗಳ ಧ್ವನಿಗೆ ಮಾಡಿನ ಪಾರಿವಾಳ ಹಾರಿತು. "ಯಾರು ಅಂತ ನನಗೆ ಈಗ ಗೊತ್ತಾಗಬೇಕು!"

"ನಾನು" ಎಂದು ಬಾಗಿಲಿನಿಂದ ಉತ್ತರ ಬಂತು.

ದೊಡ್ಡಮ್ಮ. ಧನಿಗಳ ತಾಯಿ. ಮಿಲ್ಲನ್ನು ಗಂಡನ ಜೊತೆ ಕಟ್ಟಿದವರು. ಈಗಲೂ ದಿನಾ ಬೆಳಿಗ್ಗೆ ಕೋಲು ಊರಿಕೊಂಡು ಬಂದು ಹೊಸ ಎಣ್ಣೆಯನ್ನು ನಾಲಗೆಗೆ ಮುಟ್ಟಿಸಿ ನೋಡದಿದ್ದರೆ ಅವರಿಗೆ ತಿಂಡಿ ಇಳಿಯುವುದಿಲ್ಲ. ಆಯುಧಪೂಜೆಯ ದಿನ ನಸುಕಿನಲ್ಲಿ, ಯಾರೂ ಬರುವ ಮೊದಲು, ಒಬ್ಬರೇ ಬಂದು ಒಂದೊಂದು ಮಿಷನಿಗೂ ಮಿಲ್ಲಿನ ಎಣ್ಣೆಯ ಬೊಟ್ಟು ಇಡುವುದು ಅವರ ಕ್ರಮ. ನಮಗೆ ಅದು ಗೊತ್ತಿತ್ತು. ತಕ್ಕಡಿಗೂ ಒಂದು ಬೊಟ್ಟು, ಧನಿಗಳ ಕಾರಿಗೂ ಒಂದು ಬೊಟ್ಟು.

"ಇದಕ್ಕೂ ಬೊಟ್ಟು ಇಡುವ ಅಂತ ಬಂದೆ. ನೋಡಿದರೆ ಪಾಪ, ಬಾಯಿಗೆ ಬಟ್ಟೆ ತುರುಕಿಟ್ಟಿದ್ದಾರೆ! ಬಟ್ಟೆ ತೆಗೆದು ಇಣುಕಿದೆ. ಹೊಟ್ಟೆ ಖಾಲಿ. ಹಬ್ಬದ ದಿನ, ಅಷ್ಟು ದೊಡ್ಡ ಜೀವ, ನಮ್ಮ ಮಿಲ್ಲಿನಲ್ಲಿ ಎಣ್ಣೆಗೆ ಬರವಾ? ಚೊಂಬಿನಲ್ಲಿ ತಂದು ತಂದು ಹೊಯ್ದೆ. ಕುಡೀತಾನೇ ಇತ್ತು. ತುಂಬಿದ ಮೇಲೆ ಬಿಟ್ಟೆ" ಎಂದರು ದೊಡ್ಡಮ್ಮ. ಆಮೇಲೆ ಕೋಲನ್ನು ಎತ್ತಿ ಕಾಕನ ಹೊಟ್ಟೆಗೆ ನೇರ ತೋರಿಸಿ, "ಅದರ ಬಾಯಿಗೆ ಬಟ್ಟೆ ತುರುಕಿ ಉಪವಾಸ ಹಾಕಿ ಹೋದದ್ದು ಯಾರು? ಅದನ್ನು ಕೇಳು ಮೊದಲು" ಎಂದರು.

ಧೂಳು ಬೀಳದಿರಲಿ ಎಂದು ಬಟ್ಟೆ ತುರುಕಿದ್ದು ಕಾಕನೇ. ನಾನು ಕಾಯುತ್ತ ನಿಂತೆ. ಈಗ ಗಲ್ಫಿನ ಯಾವ ಕತೆ ಬರುತ್ತದೆ, ಯಾವ ಒಂಟೆ ಬರುತ್ತದೆ, ನೋಡುವ ಎಂದು. ಕಾಕ ಕೈಯಲ್ಲಿದ್ದ ಜಾಲರಿಯನ್ನೇ ನೋಡುತ್ತಿದ್ದರು. ಆಮೇಲೆ ಇಡೀ ಮಿಲ್ಲಿಗೆ ಕೇಳುವ ಹಾಗೆ ಹೇಳಿದರು.

"ತಪ್ಪು ನನ್ನದು ಧನಿ. ಅಮ್ಮ ಪ್ರೀತಿಯಲ್ಲಿ ಹಾಕಿದ್ದು. ನಾನು ಬಂದು ತುಂಬಿದ್ದು ನೋಡಿದೆ, ಯಾವ ಎಣ್ಣೆ ಅಂತ ಕೇಳಲಿಲ್ಲ. ಮೂಸಿದೆ, ನನಗೆ ಗೊತ್ತಾಗಲಿಲ್ಲ. ಬೆಳಿಗ್ಗೆ ಬನ್ನಿ ಅಂತ ಕರೆದಾಗ ಬರಲಿಲ್ಲ. ಅಷ್ಟೂ ತಪ್ಪು ನನ್ನದು. ಯಶೋದಕ್ಕನದ್ದು ಇಷ್ಟೂ ಇಲ್ಲ" ಎಂದು ಕಿರುಬೆರಳಿನ ತುದಿ ತೋರಿಸಿದರು.

ಸತ್ಯವಾಗಿ ಹೇಳುತ್ತೇನೆ, ಆ ಜಂಬದ ಮನುಷ್ಯನನ್ನು ನಾನು ಆವತ್ತಿನಷ್ಟು ಯಾವತ್ತೂ ಪ್ರೀತಿಸಲಿಲ್ಲ.

ಇನ್ನು ಉಳಿದದ್ದು ಔಷಧಿ. ಗಾಡಿಯನ್ನು ಕೊಬ್ಬರಿ ಅಂಗಳಕ್ಕೆ ಓಡಿಸಿ ಬಿಸಿಲಿಗೆ ನಿಲ್ಲಿಸಿದೆವು. ಸುತ್ತ ಕೊಬ್ಬರಿ ಒಣಗುತ್ತಿದೆ, ನಡುವೆ ಫೋರ್ಕ್‌ಲಿಫ್ಟ್ ಒಣಗುತ್ತಿದೆ. ಒಳಗಿನದ್ದು ಕರಗಿದ ಮೇಲೆ ಇಳಿಸಿ, ಟ್ಯಾಂಕು ಒರಸಿ, ಜಾಲರಿ ತೊಳೆದು, ಸರಿಯಾದ ಎಣ್ಣೆ ತುಂಬಿಸಿ, ಭಾರ ಹಾಕದೆ ಎತ್ತಿ ಇಳಿಸಿ, ಒಳಗೆ ಸೇರಿದ ಗಾಳಿಯನ್ನೆಲ್ಲ ಬಿಡಿಸಿದರು. ದೊಡ್ಡಮ್ಮ ಕುರ್ಚಿ ಹಾಕಿಸಿಕೊಂಡು ಕೂತು, ಇಳಿಸಿದ ಎಣ್ಣೆ ನೋಡಿ, "ಛೆ, ಎಂಥ ಒಳ್ಳೆಯ ಎಣ್ಣೆ" ಎಂದು ಸಂಕಟಪಡುತ್ತಿದ್ದರು. ಸಂಜೆಗೆ ಕೆಲಸ ಮುಗಿಯಿತು. ಆದರೆ ಕಾಕ ಬೀಗದ ಕೈ ಯಾರಿಗೂ ಕೊಡಲಿಲ್ಲ. "ಬಿಸಿಲಲ್ಲಿ ಎತ್ತಿದ್ದು ಲೆಕ್ಕಕ್ಕಿಲ್ಲ. ನಾಳೆ ಬೆಳಿಗ್ಗೆ ನೋಡುವ" ಎಂದು ಟೊಪ್ಪಿಯೊಳಗೆ ಇಟ್ಟುಕೊಂಡು ಬಂಟ್ವಾಳಕ್ಕೆ ಹೋದರು.

ಮರುದಿನ ಚಳಿ ಇನ್ನೂ ಜೋರಿತ್ತು. ಕಾಕ ಪುನಃ ಮಂಜಿನಲ್ಲಿ ಬಂದರು. ದೊಡ್ಡಮ್ಮ ಬಂದರು, ಲಾರಿಯವರು ಬಂದರು, ಪಾಳಿ ಇಲ್ಲದ ಸತೀಶನೂ ಬಂದ. ಧನಿಗಳು ಎಂದಿನ ಹಾಗೆ ಬೀಗದ ಕೈಗೆಂದು ಅಂಗೈ ಚಾಚಿದರು. ಕಾಕ ಟೊಪ್ಪಿ ತೆಗೆದು, ಬೀಗದ ಕೈಯನ್ನು ಶಾಲಿನಲ್ಲಿ ಚೆನ್ನಾಗಿ ಒರಸಿ, ಆ ಅಂಗೈಯನ್ನು ದಾಟಿ ಹೋಗಿ ಯಶೋದಕ್ಕನ ಕೈಯಲ್ಲಿಟ್ಟರು. "ಎತ್ತು" ಎಂದರು.

ಪ್ಯಾಲೆಟ್ಟಿನ ಮೇಲೆ ತುಂಬಿದ ಚಾದ ಗ್ಲಾಸು. ಯಶೋದಕ್ಕ ಹಿಡಿಕೆ ಎಳೆದರು. ಪಂಪು ಅಳಲಿಲ್ಲ, ಗುಂ ಎಂದು ಹಾಡಿತು. ಗ್ಲಾಸು ಹಬೆಯಾಡುತ್ತ ಮಾಡಿನವರೆಗೆ ಏರಿತು, ಅಲ್ಲಿ ನಿಂತಿತು, ನಿಧಾನಕ್ಕೆ ಇಳಿಯಿತು. ನಾವೆಲ್ಲ ಬಗ್ಗಿ ನೋಡಿದೆವು. ಒಂದು ಹನಿ ಚೆಲ್ಲಿರಲಿಲ್ಲ. ಆಗ ನಮ್ಮ ಧನಿಗಳು, ಯಾರಿಗೂ ಯಾವತ್ತೂ ತಪ್ಪಾಯಿತು ಎಂದವರಲ್ಲದ ನಮ್ಮ ಧನಿಗಳು, ಮುಂದೆ ಹೋಗಿ ಆ ಗ್ಲಾಸನ್ನು ತಮ್ಮ ಕೈಯಲ್ಲೇ ತೆಗೆದು ಸೀಟಿನ ಹತ್ತಿರ ಕೊಂಡುಹೋಗಿ ಕೊಟ್ಟರು. "ಕುಡಿ ಯಶೋದಾ. ಕುಡಿದು ಲಾರಿ ತುಂಬಿಸು. ನಿನ್ನ ಲಾರಿ" ಎಂದರು. ಯಶೋದಕ್ಕ ಕೂತಲ್ಲೇ ಕುಡಿದರು. ಆಗ ಮಾತ್ರ ಎರಡು ಹನಿ ಚೆಲ್ಲಿತು. ಕಾಕ ಅದನ್ನು ನೋಡಿಯೂ ನೋಡದ ಹಾಗೆ ಮಾಡಿನ ಕಡೆ ತಿರುಗಿ ಶಾಲಿನಲ್ಲಿ ಮೂಗು ಒರಸಿಕೊಂಡರು.

ಆಮೇಲಿನ ಆಯುಧಪೂಜೆಗೆ ದೊಡ್ಡಮ್ಮ ಚೊಂಬು ಹಿಡಿದು ಬಂದಾಗ ನಾವು ಗಾಡಿಯನ್ನು ಸುತ್ತುವರಿದು ನಿಂತಿದ್ದೆವು. ಕಾಕನೂ ಇದ್ದರು. ದೊಡ್ಡಮ್ಮ ನಮ್ಮನ್ನೆಲ್ಲ ಒಮ್ಮೆ ನೋಡಿ, ಗಾಡಿಗೆ ಒಂದೇ ಒಂದು ಬೊಟ್ಟು ಇಟ್ಟು, ಉಳಿದದ್ದರಲ್ಲಿ ಅಂಗೈ ತುಂಬ ಒಂದು ಸೇರೆ ಯಶೋದಕ್ಕನ ನೆತ್ತಿಗೆ ತಟ್ಟಿದರು. ಇನ್ನೊಂದು ಸೇರೆ? "ಟೊಪ್ಪಿ ತೆಗೀರಿ ಕಾಕ" ಎಂದರು. ಕಾಕ ತೆಗೆದರು. ಬೋಳು ತಲೆಯಿಂದ ಎಣ್ಣೆ ಇಳಿದು ಕನ್ನಡಕದ ಮೇಲೆಲ್ಲ ಹರಿಯಿತು. ಆ ದಿನ ನಾವು ನಕ್ಕದ್ದು ನೆನೆದರೆ ಈಗಲೂ ಪಕ್ಕೆ ನೋಯುತ್ತದೆ.

ಕಾಕ ಕೆಲಸ ಬಿಟ್ಟ ಮೇಲೆ ಇದು ಮೊದಲ ಧನು ತಿಂಗಳು. ನಿನ್ನೆ ಬೆಳಿಗ್ಗೆ ಮೊದಲ ಚಳಿ ಬಿತ್ತು. ಯಶೋದಕ್ಕ ಗಾಡಿ ಹತ್ತುವ ಮೊದಲು ಕಾಕನಿಗೆ ಫೋನು ಮಾಡಿದರು. ಎಷ್ಟೋ ಹೊತ್ತಿನ ಮೇಲೆ ಕಂಬಳಿಯ ಒಳಗಿನಿಂದ ಮಾತಾಡಿದ ಹಾಗೆ ಒಂದು ಧ್ವನಿ ಕೇಳಿತು.

"ಯಾರು ಈ ಹೊತ್ತಿಗೆ?"

"ನಾನು ಕಾಕ, ಲಾಯಿಲದಿಂದ. ಪಂಪಿನ ಹತ್ತಿರ ಹಿಡೀತೇನೆ, ಒಮ್ಮೆ ಕೇಳಿ. ಚಳಿ ಜೋರುಂಟು."

"ಗಾಡಿ ಯಾರ ಕೈಯಲ್ಲಿ ಉಂಟು ಈಗ?"

"ನನ್ನ ಕೈಯಲ್ಲೇ ಕಾಕ."

"ಮತ್ತೆ ನಾನು ಎಂತ ಕೇಳುವುದು ಮಾರಾಯ್ತಿ? ನಾನು ಮಲಗ್ತೇನೆ."